ಎದುರು ದಡ ಕಾಣುತ್ತದೆ, ಸೇತುವೆ ದೂರ

ಪ್ರಶ್ನೆ: ನಾನು ಉಡುಪಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಈ ರಜೆಯಲ್ಲಿ ರಕ್ತ ಹೀರುವ ಪಿಶಾಚಿಯ ಕಥೆ ಹೇಳುವ ‘ಡ್ರಾಕುಲಾ’ ಕಾದಂಬರಿ ಓದಿದೆ. ಬರೆದ ಬ್ರಾಮ್ ಸ್ಟೋಕರ್, ಡ್ರಾಕುಲಾನ ಕೋಟೆ ಇರುವ ಟ್ರಾನ್ಸಿಲ್ವೇನಿಯಾವನ್ನು (ಈಗಿನ ರೊಮೇನಿಯಾದ ಭಾಗ) ಕಣ್ಣಾರೆ ನೋಡಿಯೇ ಇರಲಿಲ್ಲ ಎಂದು ತಿಳಿದು ಆಶ್ಚರ್ಯವಾಯಿತು. ನೋಡದ ಊರನ್ನೇ ಹಾಗೆ ಬರೆಯಬಹುದಾದರೆ, ನಿಜವಾದ ಜಾಗಕ್ಕೆ ಕಾದಂಬರಿಯಲ್ಲಿ ಏನು ಕೆಲಸ? ನನ್ನ ಅಜ್ಜಿ ಮನೆ ಬಾರ್ಕೂರಿನ ಹತ್ತಿರ, ಹೊಳೆ ಬದಿಯಲ್ಲಿದೆ. ಅಲ್ಲಿ ನಡೆಯುವ ಹಾಗೆ ಒಂದು ಭಯದ ಕಥೆ ಬರೆದೆ. ಪಾಳು ಬಂಗಲೆ, ಮಂಜು, ಬಾವಲಿ ಎಲ್ಲ ಹಾಕಿದೆ. ಓದಿದ ಗೆಳತಿ “ಇದು ನಮ್ಮ ಊರಿನ ಹಾಗೇ ಇಲ್ಲ ಮಾರಾಯ್ತಿ” ಅಂದಳು. ಮೊದಲ ಪುಟ ಜೊತೆಗೆ ಕಳಿಸಿದ್ದೇನೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ನಿಮ್ಮ ಪುಟ ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ನಿಮ್ಮ ಗೆಳತಿ ಹೇಳಿದ್ದು ಸರಿ. ಮೂರನೇ ಸಾಲಿನಲ್ಲೇ ಹೊಳೆಯ ಮೇಲೆ ದಟ್ಟ ಮಂಜು ಕವಿಯುತ್ತದೆ, ಅದೂ ಜುಲೈ ತಿಂಗಳಲ್ಲಿ. ಜುಲೈಯಲ್ಲಿ ಬಾರ್ಕೂರಿನಲ್ಲಿ ಇರುವುದು ಮಳೆ. ಪಕ್ಕದಲ್ಲಿ ಕೂತವರ ಮಾತೂ ಕೇಳಿಸದಷ್ಟು ಮಳೆ. ಆ ಮಂಜು ಇಂಗ್ಲೆಂಡಿನ ಪೂರ್ವ ಕರಾವಳಿಯದು. ಸ್ಟೋಕರ್ ಅದನ್ನು ಅಲ್ಲಿ ಕಂಡರು, ಅಲ್ಲಿಯದೇ ಎಂದು ಬರೆದರು. ನೀವು ಅವರ ಊರಿನ ಹವೆಯನ್ನು ಅಜ್ಜಿ ಮನೆಯ ಅಂಗಳಕ್ಕೆ ತಂದಿದ್ದೀರಿ.

ಹಾಗಾಗಿ ಅವರಿಗೆ ಆ ಹವೆ ಎಲ್ಲಿ ಸಿಕ್ಕಿತು ಅನ್ನುವುದರಿಂದಲೇ ಶುರು ಮಾಡುತ್ತೇನೆ.

ಟ್ರಾನ್ಸಿಲ್ವೇನಿಯಾ ವಿಷಯ ನೀವು ಓದಿದ್ದು ನಿಜ. ಸ್ಟೋಕರ್ ಆ ಕಡೆ ಕಾಲಿಟ್ಟವರೇ ಅಲ್ಲ. ಪ್ರವಾಸ ಕಥನ, ನಕ್ಷೆ, ಅಲ್ಲಿನ ನಂಬಿಕೆಗಳ ಬಗ್ಗೆ ಬೇರೆಯವರು ಬರೆದ ಲೇಖನ, ಇಷ್ಟನ್ನು ಮುಂದಿಟ್ಟುಕೊಂಡು ಬರೆದರು. ಆದರೆ ಕಾದಂಬರಿಯ 6, 7, 8ನೇ ಅಧ್ಯಾಯಗಳನ್ನು ಇನ್ನೊಮ್ಮೆ ತೆಗೆದು ನೋಡಿ. ಗೆಳತಿಯರಾದ ಮೀನಾ ಮತ್ತು ಲೂಸಿ ಬೇಸಿಗೆ ರಜೆ ಕಳೆಯುವ ಸಮುದ್ರ ತೀರದ ಊರು ಬರುತ್ತದಲ್ಲ, ಅದು ವಿಟ್ಬಿ. ಯಾರ್ಕ್‌ಶೈರ್‌ನಲ್ಲಿರುವ ನಿಜವಾದ ಊರು. ಅಲ್ಲಿ ಸ್ಟೋಕರ್ ಇದ್ದರು, ನಡೆದರು, ಜನರ ಹತ್ತಿರ ಮಾತಾಡಿದರು. ಕೋಟೆಯ ಅಧ್ಯಾಯಗಳಿಗಿಂತ ಈ ಮೂರು ಅಧ್ಯಾಯಗಳೇ ಮೇಲು ಎಂದು ನಾನು ಮೊದಲಿನಿಂದಲೂ ನಂಬಿದವನು. ಕೋಟೆ ದೂರದ ಕಾಡಿನಲ್ಲಿದೆ, ಅಲ್ಲಿ ಏನು ಬೇಕಾದರೂ ಆಗಬಹುದು. ವಿಟ್ಬಿಯಲ್ಲಿ ಬ್ಯಾಂಡು ನುಡಿಸುತ್ತಾರೆ, ಜನ ಗಾಳಿ ಸೇವನೆಗೆ ಬರುತ್ತಾರೆ, ಮೀನು ಮಾರ್ಕೆಟ್ ಇದೆ. ಅಂಥ ಊರಿಗೆ ಡ್ರಾಕುಲಾ ಬರುತ್ತಾನೆ. ನನಗೆ ಹೆದರಿಕೆಯಾಗುವುದು ಅಲ್ಲಿ.

ಸ್ಟೋಕರ್ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಮ್ಯಾನೇಜರ್ ಆಗಿದ್ದರು. ಹೆನ್ರಿ ಇರ್ವಿಂಗ್ ಎಂಬ ದೊಡ್ಡ ನಟನ ಎಲ್ಲ ವ್ಯವಹಾರ ನೋಡಿಕೊಳ್ಳುವ ಕೆಲಸ. 1890ರ ಜುಲೈ ಕೊನೆಯಲ್ಲಿ ರಜೆಗೆಂದು ವಿಟ್ಬಿಗೆ ಬಂದು, ಪಶ್ಚಿಮದ ಗುಡ್ಡದ ಮೇಲೆ ರಾಯಲ್ ಕ್ರೆಸೆಂಟ್ ಎಂಬಲ್ಲಿ ಬಾಡಿಗೆ ಕೋಣೆ ಹಿಡಿದರು. ಹೆಂಡತಿ, ಮಗ ಸ್ವಲ್ಪ ದಿನ ಕಳೆದು ಬಂದರು. ಅಲ್ಲಿವರೆಗೆ ಒಬ್ಬರೇ. ಕಥೆಯ ಯೋಚನೆ ಆಗಲೇ ತಲೆಯಲ್ಲಿತ್ತು, ಕೆಲವು ತಿಂಗಳ ಹಿಂದೆಯೇ ಟಿಪ್ಪಣಿ ಬರೆಯಲು ಶುರು ಮಾಡಿದ್ದರು. ಆದರೆ ಅದರಲ್ಲಿ ಡ್ರಾಕುಲಾ ಎಂಬ ಹೆಸರು ಇರಲಿಲ್ಲ.

ಈಗ ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ಎಸ್ಕ್ ಎಂಬ ಹೊಳೆ ಕಡಲು ಸೇರುತ್ತದೆ. ಹೊಳೆಯ ಎರಡು ಬದಿಗೂ ಎತ್ತರದ ಗುಡ್ಡ. ಪಶ್ಚಿಮದ ಗುಡ್ಡದಲ್ಲಿ ಹೊಸ ಮನೆಗಳು, ರಜೆಗೆ ಬಂದವರ ವಸತಿ. ಪೂರ್ವದ ಕಡೆ ಮೀನುಗಾರರ ಹಳೆಯ ಪೇಟೆ. ಕೆಂಪು ಹಂಚಿನ ಮಾಡುಗಳು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಇವೆ ಎಂದು ಮೀನಾ ದಿನಚರಿಯಲ್ಲಿ ಬರೆಯುತ್ತಾಳೆ. ಹಂಚಿನ ಊರಿನವರಾದ ನಮಗೆ ಆ ನೋಟ ಕಣ್ಣಿಗೆ ಕಟ್ಟುವುದು ಕಷ್ಟವಲ್ಲ. ಪೇಟೆಯಿಂದ 199 ಮೆಟ್ಟಿಲು ಹತ್ತಿದರೆ ಸೇಂಟ್ ಮೇರಿ ಇಗರ್ಜಿ, ಅದರ ಸುತ್ತ ಸಮಾಧಿಗಳು. ಅದರಾಚೆ ಮಾಡಿಲ್ಲದೆ ನಿಂತ ಅಬ್ಬೆ, ಅಂದರೆ ಕ್ರೈಸ್ತ ಸನ್ಯಾಸಿಗಳ ಮಠ. 657ರಲ್ಲಿ ಅಲ್ಲಿ ಮೊದಲ ಮಠ ಶುರುವಾಯಿತು. 1539ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಮುಚ್ಚಿಸಿದರು. ಈಗ ಉಳಿದಿರುವುದು ಚೂಪು ಕಮಾನಿನ ಎತ್ತರದ ಗೋಡೆಗಳು. ಗಾಥಿಕ್ ಎಂದು ಕರೆಯುವ ಕಟ್ಟಡ ಶೈಲಿ ಅದೇ. 1765ರಲ್ಲಿ ಒಬ್ಬ ಇಂಗ್ಲಿಷ್ ಲೇಖಕ ತನ್ನ ಕೋಟೆಯ ಕಥೆಗೆ ‘ಗಾಥಿಕ್ ಕಥೆ’ ಎಂದು ಅಡಿ ಹೆಸರು ಕೊಟ್ಟ. ಆಮೇಲೆ ಈ ಜಾತಿಯ ಕಾದಂಬರಿಗಳಿಗೆಲ್ಲ ಆ ಹೆಸರೇ ನಿಂತಿತು.

ಎರಡು ಗುಡ್ಡ, ನಡುವೆ ಹೊಳೆ, ದಾಟಲು ಒಂದೇ ಸೇತುವೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಗಸ್ಟ್ ತಿಂಗಳ ಒಂದು ರಾತ್ರಿ ಮೀನಾಳಿಗೆ ಎಚ್ಚರವಾಗುತ್ತದೆ. ಪಕ್ಕದ ಹಾಸಿಗೆ ಖಾಲಿ. ಲೂಸಿಗೆ ನಿದ್ದೆಯಲ್ಲಿ ನಡೆಯುವ ಅಭ್ಯಾಸ. ಮೀನಾ ಓಡಿ ಪಶ್ಚಿಮ ಗುಡ್ಡದ ಅಂಚಿಗೆ ಬರುತ್ತಾಳೆ. ಹುಣ್ಣಿಮೆಯ ಹೊತ್ತು, ಮೋಡ ಓಡುತ್ತಿದೆ. ಬೆಳಕು ಬಂದು ಹೋಗಿ ಮಾಡುತ್ತಿದೆ. ಆ ಬೆಳಕಿನಲ್ಲಿ ಎದುರು ಗುಡ್ಡದ ಸಮಾಧಿಗಳ ನಡುವೆ ಅವರಿಬ್ಬರೂ ದಿನಾ ಕೂರುವ ಬೆಂಚು ಕಾಣುತ್ತದೆ. ಬೆಂಚಿನಲ್ಲಿ ಬಿಳಿ ಬಟ್ಟೆಯ ಆಕೃತಿ. ಅದರ ಹಿಂದೆ ಬಾಗಿದ ಏನೋ ಕಪ್ಪು. ಮತ್ತೆ ಮೋಡ ಮುಚ್ಚುತ್ತದೆ.

ಅವಳು ಕಂಡದ್ದಾಯಿತು. ಇನ್ನು ತಲುಪಬೇಕು. ಕಡಿದಾದ ಮೆಟ್ಟಿಲು ಇಳಿಯಬೇಕು, ಮೀನು ಮಾರ್ಕೆಟ್ ದಾಟಬೇಕು, ಸೇತುವೆ ತನಕ ಓಡಬೇಕು, ಹಳೆ ಪೇಟೆ ಹಾಯಬೇಕು, ಆಮೇಲೆ ಆ ಅಷ್ಟೂ ಮೆಟ್ಟಿಲು ಹತ್ತಬೇಕು. ಊರಿನಲ್ಲಿ ಒಂದು ನರಪಿಳ್ಳೆ ಇಲ್ಲ. ಕಾಲು ಸೋಲುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಏನಾಗುತ್ತಿದೆ ಎಂದು ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಈ ದೃಶ್ಯವನ್ನು ಸ್ಟೋಕರ್ ಕಟ್ಟಿದರು ಅನ್ನುವುದಕ್ಕಿಂತ ವಿಟ್ಬಿಯ ನಕ್ಷೆಯೇ ಕಟ್ಟಿಕೊಟ್ಟಿತು ಎಂದು ನಾನು ಹೇಳುತ್ತೇನೆ. ಹೊಳೆ ಇಲ್ಲದಿದ್ದರೆ ಮೀನಾ ಎರಡು ನಿಮಿಷದಲ್ಲಿ ಹೋಗಿ ಗೆಳತಿಯ ಕೈ ಹಿಡಿಯುತ್ತಿದ್ದಳು. ಗುಡ್ಡ ಇಲ್ಲದಿದ್ದರೆ ಕಾಣುತ್ತಲೇ ಇರಲಿಲ್ಲ. ನೋಡುವುದಕ್ಕೂ ತಲುಪುವುದಕ್ಕೂ ನಡುವೆ ಆ ಊರು ಇಟ್ಟ ದೂರವೇ ಅಲ್ಲಿನ ಭಯ.

ಇದು ನನಗೆ ಪುಸ್ತಕದಿಂದ ಹೊಳೆದದ್ದಲ್ಲ. ಎಷ್ಟೋ ವರ್ಷಗಳ ಹಿಂದೆ ಮಂಗಳೂರಿನಲ್ಲಿ ಪಾಠ ಮಾಡುವಾಗ ಬೋರ್ಡಿನಲ್ಲಿ ಈ ನಕ್ಷೆ ಬರೆದಿದ್ದೆ. ಎರಡು ಗೆರೆ, ನಡುವೆ ನೀರು, ಮೇಲೆ ದೂರದಲ್ಲಿ ಸೇತುವೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ಸರ್, ಇದು ನಮ್ಮ ಬೆಂಗ್ರೆ” ಅಂದ. ಕ್ಲಾಸು ನಕ್ಕಿತು. ಅವನು ನಗಲಿಲ್ಲ. ಬೆಂಗ್ರೆ ನೋಡಿದವರಿಗೆ ಗೊತ್ತು, ಫಲ್ಗುಣಿ ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ ಅದು. ಎದುರಿಗೇ ಬೋಟು ಕಟ್ಟುವ ದಕ್ಕೆ, ಹಳೆ ಬಂದರು, ಲಕ್ಷದ್ವೀಪಕ್ಕೆ ಹೋಗುವ ಮಂಜಿ ಹಡಗುಗಳು. ಫೆರಿ ಬೋಟಿನಲ್ಲಿ ಕೆಲವೇ ನಿಮಿಷ. ಬೋಟು ಇಲ್ಲದಿದ್ದರೆ ತಣ್ಣೀರುಬಾವಿ ಮೇಲೆ ಕೂಳೂರು ಸೇತುವೆಗೆ ಸುತ್ತಿ ಬರಬೇಕು. ಒಂದು ಮಳೆಗಾಲದ ರಾತ್ರಿ ಅವನ ಅಮ್ಮನಿಗೆ ಜೋರು ಹೊಟ್ಟೆನೋವು. ಬೋಟು ನಿಂತಿತ್ತು. ರಿಕ್ಷಾ ಹುಡುಕಲು ಅಪ್ಪ ಹೋದರು. “ನಾನು ಅಮ್ಮನ ಹತ್ತಿರ ಜಗಲಿಯಲ್ಲಿ ಕೂತಿದ್ದೆ ಸರ್. ಪೇಟೆಯ ಲೈಟೆಲ್ಲ ಕಾಣ್ತಾ ಇತ್ತು. ಆಸ್ಪತ್ರೆ ಯಾವ ಲೈಟಿನ ಹತ್ತಿರ ಅಂತಲೂ ನನಗೆ ಗೊತ್ತಿತ್ತು” ಅಂದ. ಅಮ್ಮ ಗುಣವಾದರು. ಆದರೆ ಆ ದಿನದಿಂದ ಮೀನಾಳ ಓಟವನ್ನು ಪಾಠ ಮಾಡುವಾಗೆಲ್ಲ ನನಗೆ ಜಗಲಿಯಲ್ಲಿ ಕೂತು ಲೈಟು ನೋಡುವ ಆ ಹುಡುಗನೇ ನೆನಪಾಗುತ್ತಾನೆ.

ಸ್ಟೋಕರ್ ಇದನ್ನೆಲ್ಲ ಹೇಗೆ ಕೂಡಿಹಾಕಿದರು? ಅವರ ಕೈಬರಹದ ಟಿಪ್ಪಣಿಗಳು ಉಳಿದಿವೆ. ಈಗ ಅಮೆರಿಕದ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಮ್ಯೂಸಿಯಂನಲ್ಲಿವೆ, 2008ರಲ್ಲಿ ಪುಸ್ತಕವಾಗಿಯೂ ಬಂದವು. ಅದರಲ್ಲಿ ಹೆದರಿಸುವ ಮಾತು ತುಂಬಾ ಇರಬಹುದು ಅಂದುಕೊಳ್ಳುತ್ತೀರಿ, ಅಲ್ವಾ? ವಿಟ್ಬಿಯ ಹಾಳೆಗಳಲ್ಲಿ ಇರುವುದು ಗಾಳಿ, ಮೋಡ, ಕಡಲಿನ ಬಣ್ಣ. ಸಮಾಧಿ ಕಲ್ಲುಗಳ ಮೇಲಿನ ಹೆಸರುಗಳು. ಮೀನುಗಾರರೂ ಕರಾವಳಿ ಕಾವಲಿನವರೂ ಹೇಳಿದ ಸುದ್ದಿ. ಆ ಊರಿನ ಆಡುಮಾತಿನ ಪದಗಳು, ಅರ್ಥದ ಸಮೇತ. ಲೆಕ್ಕದ ಪುಸ್ತಕ ಬರೆಯುವ ಮ್ಯಾನೇಜರ್‌ನ ಶ್ರದ್ಧೆ ಅದು.

ಆ ಸಮಾಧಿ ಕಲ್ಲುಗಳಲ್ಲಿ ಸಿಕ್ಕ ಹೆಸರು ಸ್ವೇಲ್ಸ್. ಕಾದಂಬರಿಯಲ್ಲಿ ಅವನು ಮುದುಕ ನಾವಿಕ. ಊರ ಮಾತಿನಲ್ಲೇ ಮಾತಾಡುತ್ತಾನೆ, ಲಂಡನ್ನಿನ ಓದುಗರಿಗೆ ಅರ್ಧ ತಿಳಿಯದ ಹಾಗೆ. ಮಠದ ಕಿಟಕಿಯಲ್ಲಿ ಬಿಳಿ ಹೆಂಗಸು ಕಾಣುತ್ತಾಳಂತೆ, ಹಡಗು ಮುಳುಗಿದಾಗ ಕಡಲಲ್ಲಿ ಗಂಟೆ ಕೇಳುತ್ತದಂತೆ ಎಂದು ಮೀನಾ ಕೇಳಿದರೆ, ಅವೆಲ್ಲ ಪ್ರವಾಸಿಗರಿಗೆ ಹೇಳುವ ಮಾತು ಎಂದು ತಳ್ಳಿಹಾಕುತ್ತಾನೆ. ಈ ಸಮಾಧಿಗಳಲ್ಲಿ ಎಷ್ಟೋ ಖಾಲಿ, ಕಡಲಲ್ಲಿ ಹೋದವರ ಹೆಣ ಇಲ್ಲಿ ಹೇಗೆ ಇರುತ್ತದೆ ಅನ್ನುತ್ತಾನೆ. ಅವನು ಅಷ್ಟು ಗಟ್ಟಿಯಾಗಿ ಇಲ್ಲ ಅಂದ ಮೇಲೆಯೇ ಬಿಳಿ ಬಟ್ಟೆಯ ಲೂಸಿ ಆ ಬೆಂಚಿನಲ್ಲಿ ಕಾಣುವುದು. ಅದಕ್ಕೂ ಮೊದಲೇ, ಒಂದು ಬೆಳಿಗ್ಗೆ, ಅದೇ ಬೆಂಚಿನಲ್ಲಿ ಸ್ವೇಲ್ಸ್ ಕತ್ತು ಮುರಿದು ಸತ್ತಿರುತ್ತಾನೆ. ಊರಿನ ಐತಿಹ್ಯವನ್ನು ಲೇಖಕ ನೇರವಾಗಿ ನಮ್ಮ ಮುಂದೆ ಇಡಲಿಲ್ಲ. ನಂಬದ ಒಬ್ಬ ಊರಿನವನ ಬಾಯಲ್ಲಿ ಹೇಳಿಸಿದ. ಇದನ್ನು ನೀವು ಕಲಿಯಲೇಬೇಕು.

ಇನ್ನೊಂದು ಚಿಕ್ಕ ವಿಷಯ. ಗುಡ್ಡ ಕುಸಿದು ಕೆಲವು ಸಮಾಧಿ ಹಾಳಾಗಿವೆ, ಒಂದು ಕಡೆ ಸಮಾಧಿಯ ಕಲ್ಲು ಕೆಳಗಿನ ದಾರಿಯ ಮೇಲೆ ಚಾಚಿಕೊಂಡಿದೆ ಎಂದು ಮೀನಾ ಬರೆಯುತ್ತಾಳೆ. ಓದುವಾಗ ಕಲ್ಪನೆ ಅನ್ನಿಸಬಹುದು. 2013ರಲ್ಲಿ ಆ ಗುಡ್ಡ ಮತ್ತೆ ಜರಿದು ಮನುಷ್ಯರ ಮೂಳೆಗಳು ಕೆಳಗೆ ಬಿದ್ದವು. ಉಳ್ಳಾಲದ ಕಡಲ್ಕೊರೆತ ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಂಗಿನ ಮರ ಬೇರು ತೋರಿಸಿಕೊಂಡು ಅರ್ಧ ಬಾಗಿ ನಿಂತಿರುತ್ತದೆ, ಮನೆಯ ಒಂದು ಗೋಡೆ ಹೋಗಿ ಒಳಗಿನ ಕ್ಯಾಲೆಂಡರು ಕಡಲಿಗೆ ಮುಖ ಮಾಡಿರುತ್ತದೆ.

ಹಡಗಿನ ಕಥೆ ಎಲ್ಲರಿಗೂ ಇಷ್ಟ. 1885ರ ಅಕ್ಟೋಬರ್ 24ರಂದು ರಷ್ಯಾದ ‘ಡಿಮಿಟ್ರಿ’ ಎಂಬ ಹಾಯಿ ಹಡಗು ಬಿರುಗಾಳಿಗೆ ಸಿಕ್ಕಿ ವಿಟ್ಬಿ ಬಂದರಿನೊಳಗೆ ಟೇಟ್ ಹಿಲ್ ಮರಳಿನ ಮೇಲೆ ಬಂದು ಕೂತಿತು. ಅದು ನಾರ್ವಾ ಎಂಬ ಊರಿನ ಹಡಗು. ತೂಕಕ್ಕೆ ಮರಳು ತುಂಬಿತ್ತು. ಐದು ವರ್ಷ ಕಳೆದು ಬಂದ ಸ್ಟೋಕರ್‌ಗೆ ಕರಾವಳಿ ಕಾವಲಿನವರು ಆ ರಾತ್ರಿಯ ಕಥೆ ಹೇಳಿದರು. ಕಾದಂಬರಿಯಲ್ಲಿ ಡಿಮಿಟ್ರಿ ‘ಡಿಮೀಟರ್’ ಆಯಿತು. ನಾರ್ವಾ ‘ವಾರ್ನಾ’ ಆಯಿತು, ಕನ್ನಡದಲ್ಲಿ ಬರೆದರೂ ಅಕ್ಷರ ಹಿಂದೆ ಮುಂದೆ ಆದದ್ದು ಕಾಣುತ್ತದೆ. ಮರಳು ಮರಳಾಗಿಯೇ ಉಳಿಯಿತು, ಜೊತೆಗೆ ಮಣ್ಣು ತುಂಬಿದ ಪೆಟ್ಟಿಗೆಗಳು ಸೇರಿದವು. ನಿಜವಾದ ಹಡಗಿನ ಮಂದಿ ಬದುಕಿ ಬಂದಿದ್ದರು. ಕಾದಂಬರಿಯಲ್ಲಿ ಚುಕ್ಕಾಣಿಗೆ ಕೈ ಕಟ್ಟಿಕೊಂಡ ಕಪ್ತಾನನ ಹೆಣ ಮಾತ್ರ ಇದೆ. ಹಡಗು ಮರಳಿಗೆ ತಾಗಿದ ಕೂಡಲೇ ದೊಡ್ಡ ನಾಯಿಯೊಂದು ಹಾರಿ ಗುಡ್ಡದ ಕಡೆ ಓಡುತ್ತದೆ. ಹಡಗು ನಿಂತದ್ದು ನಿಜವಾಗಿ ನಿಂತ ಜಾಗದಲ್ಲೇ. ಅಲ್ಲಿಂದ ಮೇಲೆ ಹೋದರೆ ಸಮಾಧಿಗಳೇ. ನಾಯಿಗೆ ದಾರಿ ಹುಡುಕುವ ಕಷ್ಟವೂ ಲೇಖಕನಿಗೆ ಇರಲಿಲ್ಲ.

2022ರ ಜೂನ್‌ನಲ್ಲಿ ಉಳ್ಳಾಲದ ಕಡಲಲ್ಲಿ ‘ಪ್ರಿನ್ಸೆಸ್ ಮಿರಾಲ್’ ಮುಳುಗಿದ್ದು ನಿಮಗೆ ನೆನಪಿರಬಹುದು. ಉಕ್ಕಿನ ಸುರುಳಿ ಹೊತ್ತ ಹಡಗು. ಸಿರಿಯಾ ದೇಶದ 15 ಮಂದಿಯನ್ನು ಕೋಸ್ಟ್ ಗಾರ್ಡ್ ಕಾಪಾಡಿತು. ಅವರ ಭಾಷೆ ನಮಗೆ ಬಾರದು, ನಮ್ಮ ಊರು ಅವರು ಕೇಳಿರಲಿಕ್ಕಿಲ್ಲ. ಮಳೆಗಾಲದ ಕಡಲು ಅವರನ್ನು ತಂದು ನಮ್ಮ ದಡಕ್ಕೆ ಬಿಟ್ಟಿತು. ಸ್ಟೋಕರ್ ಆಗಿದ್ದರೆ ಮರುದಿನವೇ ಮೀನು ಬೋಟು ನಡೆಸುವ ಒಬ್ಬ ತಾಂಡೇಲನನ್ನು ಹಿಡಿದು ಕೂರಿಸಿಕೊಂಡು, ಗಾಳಿ ಯಾವ ಕಡೆಯಿಂದ ಇತ್ತು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು.

ಹೆಸರು ಸಿಕ್ಕಿದ್ದೂ ವಿಟ್ಬಿಯಲ್ಲೇ. ದಕ್ಕೆಯ ಬದಿಯ ಲೈಬ್ರರಿಯಲ್ಲಿ ಅವರು ವಿಲಿಯಂ ವಿಲ್ಕಿನ್ಸನ್ 1820ರಲ್ಲಿ ಬರೆದ ಪುಸ್ತಕವೊಂದನ್ನು ತೆಗೆದರು. ವಿಲ್ಕಿನ್ಸನ್ ಬುಕಾರೆಸ್ಟ್‌ನಲ್ಲಿ ಬ್ರಿಟನ್ನಿನ ಕಾನ್ಸಲ್ ಆಗಿದ್ದವರು. ಅದರ ಒಂದು ಅಡಿಟಿಪ್ಪಣಿಯಲ್ಲಿ, ಅಲ್ಲಿನ ಭಾಷೆಯಲ್ಲಿ ಡ್ರಾಕುಲಾ ಅಂದರೆ ಸೈತಾನ ಎಂದಿತ್ತು. ಸ್ಟೋಕರ್ ತನ್ನ ಹಾಳೆಯಲ್ಲಿ ಆವರೆಗೆ ‘ಕೌಂಟ್ ವ್ಯಾಂಪಿರ್’ ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿ ಹೊಸ ಹೆಸರು ಬರೆದರು. ಪುಸ್ತಕ ಹೊರಬಂದದ್ದು 1897ರ ಮೇ ತಿಂಗಳಲ್ಲಿ. ಕೆಲವೇ ವಾರದ ರಜೆ, ಏಳು ವರ್ಷದ ಕೆಲಸ.

ಕೋಟೆಯೂ ಪೂರ್ತಿ ಕಾಗದದಿಂದ ಬಂದದ್ದಲ್ಲ ಎಂದು ಹಲವರು ಹೇಳುತ್ತಾರೆ. ಸ್ಕಾಟ್ಲೆಂಡಿನ ಕ್ರೂಡನ್ ಬೇ ಎಂಬ ಊರಿಗೆ ಸ್ಟೋಕರ್ ಮತ್ತೆ ಮತ್ತೆ ಹೋಗುತ್ತಿದ್ದರು. ಅಲ್ಲಿನ ಸ್ಲೇನ್ಸ್ ಕೋಟೆಯಲ್ಲಿ ಎಂಟು ಮೂಲೆಯ ಒಂದು ಕೋಣೆ ಇತ್ತು. ಡ್ರಾಕುಲಾನ ಕೋಟೆಯಲ್ಲೂ ಕಿಟಕಿಯಿಲ್ಲದ ಎಂಟು ಮೂಲೆಯ ಸಣ್ಣ ಕೋಣೆ ಇದೆ. ಆ ಮಾತು ಒಪ್ಪುವ ಕಡೆಗೇ ನನ್ನ ಮನಸ್ಸು. ನೋಡದ ದೇಶಕ್ಕೂ ನೋಡಿದ ಕೋಣೆಯನ್ನೇ ಹೊತ್ತುಕೊಂಡು ಹೋಗುತ್ತೇವೆ.

ನಿಮ್ಮ ಕಥೆಗೆ ಬರುತ್ತೇನೆ. ಪಾಳು ಬಂಗಲೆ ಬಿಡಿ. ನಿಮ್ಮ ಅಜ್ಜಿ ಮನೆಗೆ ಮುರಕಲ್ಲಿನ ಪಾಗಾರ ಇರಬಹುದು, ಮಳೆಗೆ ಪಾಚಿ ಹಿಡಿದು ಹಸಿರಾಗಿರಬಹುದು. ಚಾವಡಿಯಲ್ಲಿ ಕತ್ತಲೆ ಯಾವ ಮೂಲೆಯಿಂದ ಶುರುವಾಗುತ್ತದೆ ನೋಡಿ. ಬಾರ್ಕೂರಿನಲ್ಲೇ ಕತ್ತಲೆ ಬಸದಿ ಇದೆ. ಆ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ. ಆಳುಪರು ಆಳಿದ ಊರು, ಒಂದು ಕಾಲದಲ್ಲಿ ರಾಜಧಾನಿ. ಈಗ ಗದ್ದೆ ಬದಿಯಲ್ಲಿ, ತೋಟದ ನಡುವೆ ಹಳೆಯ ಕಂಬ, ಶಾಸನದ ಕಲ್ಲು. ಇಷ್ಟು ಇಟ್ಟುಕೊಂಡು ನೀವು ಸುಮ್ನೆ ಇಂಗ್ಲೆಂಡಿನ ಬಂಗಲೆ ಯಾಕೆ ತರಿಸುತ್ತೀರಿ?

ಕಾಲವೂ ಇದೆ ನಿಮ್ಮ ಹತ್ತಿರ. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ, ಮನೆಮಂದಿ ಕುಡಿಯುವ ಕಷಾಯಕ್ಕೆಂದು ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆ ತರಲು ಹೋಗುತ್ತಾರೆ. ಕತ್ತಿ ಮುಟ್ಟಿಸುವ ಹಾಗಿಲ್ಲ, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಕತ್ತಲೆ, ಮಳೆ, ಜಾರುವ ನೆಲ. ಆ ಹೊತ್ತಿನಲ್ಲಿ ಮರ ತಪ್ಪಿ ಕಾಸರಕನ ತೊಗಟೆ ತಂದರೆ ಅದು ವಿಷ. ಅದಕ್ಕೇ ಹಿರಿಯರು ಹಿಂದಿನ ದಿನವೇ ಮರ ಗುರುತು ಮಾಡಿಡಿ ಅನ್ನುತ್ತಾರೆ. ರಾತ್ರಿ ಯಾರೋ ಆ ಗುರುತನ್ನು ಪಕ್ಕದ ಮರಕ್ಕೆ ಕಟ್ಟಿದರು ಅಂದುಕೊಳ್ಳಿ. ಬೆಳಿಗ್ಗೆ ಮನೆಮಂದಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಲೋಟ ಹಿಡಿದು ಸಾಲಾಗಿ ಕೂತಿದ್ದಾರೆ. ಬಾವಲಿ ಬೇಕಾ ಇಲ್ಲಿ?

ಒಂದು ಮಾತು ಕೈಮುಗಿದು ಹೇಳುತ್ತೇನೆ. ದೈವವನ್ನು ದೆವ್ವ ಮಾಡಬೇಡಿ. ಈಚೆಗೆ ಹಾಗೆ ಬರೆಯುವವರು ಜಾಸ್ತಿ ಆಗಿದ್ದಾರೆ. ನಮ್ಮ ಜನ ಕಷ್ಟ ಬಂದಾಗ ಹೋಗಿ ನ್ಯಾಯ ಕೇಳುವ ಶಕ್ತಿ ಅದು. ಹೆದರಿಸುವ ವೇಷವಾಗಿ ತಂದರೆ ನಿಮ್ಮ ಅಜ್ಜಿಗೆ ನೋವಾಗುತ್ತದೆ, ಕಥೆಯೂ ಸುಳ್ಳಾಗುತ್ತದೆ.

ಅಜ್ಜಿ ಕುಂದಾಪ್ರ ಕನ್ನಡ ಮಾತಾಡುತ್ತಾರೋ ತುಳುವೋ, ಅವರು ಹೇಳಿದ ಹಾಗೇ ಬರೆದುಕೊಳ್ಳಿ. ತಿದ್ದಬೇಡಿ. ನಿಮ್ಮ ಪುಟದಲ್ಲಿ ಅಜ್ಜಿ ಪಠ್ಯಪುಸ್ತಕದ ಹಾಗೆ ಮಾತಾಡುತ್ತಾರೆ. ಸ್ವೇಲ್ಸ್‌ನನ್ನು ನೆನಪು ಮಾಡಿಕೊಳ್ಳಿ.

ಮೀನಾಳ ಓಟದ ಕೊನೆಯಲ್ಲಿ ಒಂದು ಸಂಗತಿ ಇದೆ, ತುಂಬಾ ಮಂದಿ ಗಮನಿಸದೆ ದಾಟಿಹೋಗುತ್ತಾರೆ. ಲೂಸಿ ಬರಿಗಾಲಲ್ಲಿ ಇದ್ದಾಳೆ. ಮೀನಾ ತನ್ನ ಬೂಟು ಬಿಚ್ಚಿ ಅವಳಿಗೆ ತೊಡಿಸುತ್ತಾಳೆ. ಈಗ ಮೀನಾಳದ್ದು ಬರಿಗಾಲು. ದಾರಿಯಲ್ಲಿ ಯಾರಾದರೂ ಎದುರಾದರೆ ಅವಳ ಬಿಳಿ ಪಾದ ಕಾಣಬಾರದು ಎಂದು, ರಸ್ತೆಯ ನೀರಿನ ಗುಂಡಿಯಲ್ಲಿ ಕಾಲಿಟ್ಟು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕೆಸರು ಮೆತ್ತಿಕೊಳ್ಳುತ್ತಾಳೆ. ಊರಿನವರು ಏನಾದರೂ ಅಂದಾರು ಎಂಬ ಭಯ ಅದು. ಆ ರಸ್ತೆಯಲ್ಲಿ ನಡೆದವರಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ.

ಈ ಮಳೆಗಾಲದಲ್ಲಿ ಅಜ್ಜಿ ಮನೆಗೆ ಹೋಗಿ ನಾಲ್ಕು ದಿನ ಇರಿ. ಅಲ್ಲಿ ಎಲ್ಲಾದರೂ ಒಂದು ಕಾಲುಸಂಕ ಇದ್ದೇ ಇರುತ್ತದೆ. ನೀರು ಎಷ್ಟು ಏರಿದರೆ ಅದು ಮುಳುಗುತ್ತದೆ, ಮುಳುಗಿದ ಮೇಲೆ ಎದುರಿನ ಮನೆಗೆ ಯಾವ ದಾರಿಯಲ್ಲಿ ಸುತ್ತಿ ಹೋಗಬೇಕು, ಎಷ್ಟು ಹೊತ್ತು ಬೇಕು ಎಂದು ನಡೆದೇ ನೋಡಿ. ಆ ಮನೆಯ ದೀಪ ಅಜ್ಜಿಯ ಜಗಲಿಗೆ ಕಾಣುತ್ತದಾ? ಅದನ್ನು ಬರೆದು ಕಳಿಸಿ. ಎರಡನೇ ಪುಟವನ್ನು ನಾನು ಅದರ ಜೊತೆಗೇ ಓದುತ್ತೇನೆ.